ಗತ್ತು ಬಿಡದ ಕೈ

ತಾಳ ಹಿಡಿಯುವ ಮೂವರನ್ನು ಒಂದೇ ಹಾಡಿಗೆ ಕೂಡಿಸುವುದು ಅಪಾಯದ ಕೆಲಸ. ಒಬ್ಬ ಬಿಟ್ಟ ಸಂದನ್ನು ಇನ್ನೊಬ್ಬ ತುಂಬುತ್ತಾನೆ, ಅದನ್ನು ಕೇಳಿ ಮೂರನೆಯವನಿಗೆ ಕೈ ತುರಿಸುತ್ತದೆ. ನಾಲ್ಕು ಆವರ್ತ ಕಳೆಯುವುದರೊಳಗೆ ರಾಗ ನುಡಿಸುವವನು ಎಲ್ಲಿ ಹೋದನೆಂದು ಹುಡುಕಬೇಕಾಗುತ್ತದೆ. ಲೆಬನಾನಿನ ಊದ್ ವಾದಕ ರಬೀಹ್ ಅಬು-ಖಲೀಲ್ 1992ರ ತನ್ನ ‘ಬ್ಲೂ ಕ್ಯಾಮಲ್’ ಆಲ್ಬಂನಲ್ಲಿ ಈ ಅಪಾಯವನ್ನು ತಿಳಿದೇ ಮೈಮೇಲೆ ಎಳೆದುಕೊಂಡಿದ್ದಾನೆ. ನಬೀಲ್ ಖಯ್ಯಾತ್ ಅರಬ್ಬರ ದಪ್ಪು ಬಾರಿಸುತ್ತಾನೆ, ನ್ಯೂಯಾರ್ಕಿನ ಮಿಲ್ಟನ್ ಕಾರ್ಡೋನಾ ಕಾಂಗಾ ಹಿಡಿದಿದ್ದಾನೆ, ದಕ್ಷಿಣ ಭಾರತದ ತಾಳವಾದ್ಯಗಳ ಮುಂದೆ ರಮೇಶ್ ಶೋತಮ್ ಕೂತಿದ್ದಾರೆ. ಇವರ ಮೇಲೆ ಚಾರ್ಲಿ ಮರಿಯಾನೋನ ಸ್ಯಾಕ್ಸೊಫೋನ್, ಕೆನ್ನಿ ವೀಲರನ ಊದುವಾದ್ಯ, ಕೆಳಗೆ ಸ್ಟೀವ್ ಸ್ವಾಲೋನ ಬಾಸ್ ಗಿಟಾರು. ಇಷ್ಟೆಲ್ಲ ಇದ್ದೂ ಯಾರೂ ಯಾರ ಕಾಲನ್ನೂ ತುಳಿಯುವುದಿಲ್ಲ. ದಪ್ಪಿನ ಗಟ್ಟಿ ‘ದುಂ’ ಮುಗಿದ ಮೇಲೆಯೇ ಕಾಂಗಾದ ಅಂಗೈಪೆಟ್ಟು. ಅವೆರಡರ ನಡುವೆ, ಬೇರೆ ಯಾರೂ ಕಾಲಿಡಲು ಹೆದರುವಷ್ಟು ಕಿರಿದಾದ ಜಾಗದಲ್ಲಿ ಶೋತಮ್ ಅವರ ಬೆರಳು.

ಆ ಬೆರಳನ್ನು ಒಮ್ಮೆ ಹಿಡಿದು ಕೇಳತೊಡಗಿದರೆ ಊದ್ ಆಗಲಿ ಸ್ಯಾಕ್ಸ್ ಆಗಲಿ ಸ್ವಲ್ಪ ಹೊತ್ತು ಹಿಂದೆ ಸರಿಯುತ್ತವೆ. ನಾನಂತೂ ಆ ಆಲ್ಬಂ ಅನ್ನು ಹಾಗೇ ಕೇಳುವುದು. ಅಬು-ಖಲೀಲ್ ಕ್ಷಮಿಸಬೇಕು.

ಶೋತಮ್ ಹುಟ್ಟಿದ್ದು ಮದ್ರಾಸಿನಲ್ಲಿ, 1948ರ ಮೇ 7ರಂದು. ಕೈಗೆ ಮೊದಲು ಸಿಕ್ಕಿದ್ದು ಮೃದಂಗವಲ್ಲ, ಡ್ರಮ್ ಸೆಟ್. ಗಿಟಾರ್ ನುಡಿಸುತ್ತಿದ್ದ ಸಹೋದರ ಸುರೇಶ್ ಜೊತೆ ಸೇರಿ ಕಟ್ಟಿದ ‘ಹ್ಯೂಮನ್ ಬಾಂಡೇಜ್’ ಎಂಬ ರಾಕ್ ತಂಡ 70ರ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಬೇರೂರಿತು. ಇಂದು ಬೆಂಗಳೂರಿನ ಜಾಝ್ ಗಾಯಕಿ ಎಂದು ಹೆಸರಾದ ರಾಧಾ ಥಾಮಸ್ ಅಂದು ಆ ತಂಡದ ದನಿ. ದಂಡುಪ್ರದೇಶದ ಬೆಂಗಳೂರಿಗೆ ಇಂಗ್ಲಿಷ್ ಹಾಡು, ಗಿಟಾರು, ಉದ್ದಗೂದಲು ಹೊಸವಲ್ಲ. ಆದರೆ ನಮ್ಮ ದೇಶದ ರಾಕ್ ತಂಡಗಳ ಕಥೆ ಬರೆಯುವವರು ಇಂದಿಗೂ ಹ್ಯೂಮನ್ ಬಾಂಡೇಜ್ ಹೆಸರನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಡ್ರಮ್ ಸೆಟ್ಟಿನವನಿಗೆ ಎರಡು ಕೈ ಸಾಲವು, ಎರಡು ಕಾಲೂ ದುಡಿಯಬೇಕು. ಬಲಗಾಲಿಗೆ ಬಾಸ್ ಡ್ರಮ್ಮಿನ ಪೆಡಲು, ಎಡಗಾಲಿಗೆ ಹೈ-ಹ್ಯಾಟಿನ ಜೋಡಿ ತಟ್ಟೆ, ಒಂದು ಕೈ ಸಿಂಬಲ್ ಮೇಲೆ, ಇನ್ನೊಂದು ಸ್ನೇರ್ ಮೇಲೆ. ನಾಲ್ಕೂ ನಾಲ್ಕು ದಾರಿ ಹಿಡಿದು ಒಂದೇ ಊರು ಮುಟ್ಟಬೇಕು. ಇದರಲ್ಲಿ ಪಳಗಿ, ಹೆಸರು ಮಾಡಿ, ಕಾರ್ಯಕ್ರಮಗಳು ಸಿಗುತ್ತಿರುವಾಗ ಯಾರಾದರೂ ಮತ್ತೆ ಅ ಆ ಇ ಈ ಕಲಿಯಲು ಕೂರುತ್ತಾರೆಯೇ? ಶೋತಮ್ ಕೂತರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ಗೆ ಹೋಗಿ ತವಿಲು ಕಲಿಯತೊಡಗಿದರು. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಶಾಲೆ ಅದು. ಸಂಗೀತವೆಂದರೆ ಹಾಡು, ತಾಳವಾದ್ಯವೆಂದರೆ ಹಾಡಿಗೆ ಹಿಂಬಾಲ ಎಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ ತಾಳಕ್ಕೇ ಒಂದು ಕಾಲೇಜು ಕಟ್ಟಿದ ಮಣಿ ಅವರದು ಗಟ್ಟಿ ಎದೆ.

ತವಿಲಿನ ಆಯ್ಕೆಯೂ ಗಮನಿಸತಕ್ಕದ್ದೇ. ಸಭಾಂಗಣದ ಮರ್ಯಾದೆ ಇರುವುದು ಮೃದಂಗಕ್ಕೆ. ತವಿಲು ದೇವಸ್ಥಾನದ, ಮೆರವಣಿಗೆಯ, ಮದುವೆಮನೆಯ ವಾದ್ಯ, ನಾಗಸ್ವರದ ಜೊತೆಗಾರ. ಹಲಸಿನ ಮರದ ಕೊರೆದ ಮೈ. ಎಡಮುಖಕ್ಕೆ ಮೋಟುಕೋಲಿನ ಪೆಟ್ಟು. ಬಲಮುಖದ ಚರ್ಮವನ್ನು ಎಷ್ಟು ಬಿಗಿದಿರುತ್ತಾರೆಂದರೆ ಬರಿಬೆರಳು ಅದಕ್ಕೆ ತಾಳುವುದಿಲ್ಲ. ಅದಕ್ಕೇ ಬಟ್ಟೆ ಸುತ್ತಿ, ಅಂಟು ಮೆತ್ತಿ, ಒಣಗಿಸಿ ಕಲ್ಲಿನಂತಾಗಿಸಿದ ಟೊಪ್ಪಿಗೆಗಳನ್ನು ಬೆರಳುಗಳಿಗೆ ಏರಿಸಿಕೊಳ್ಳುತ್ತಾರೆ. ಒಂದು ಕೈಗೆ ಕೋಲು, ಇನ್ನೊಂದಕ್ಕೆ ಬೆರಳು. ಎರಡು ಕೈಯಲ್ಲೂ ಕೋಲು ಹಿಡಿದು ಬೆಳೆದ ಡ್ರಮ್ಮರನಿಗೆ ಅರ್ಧ ಮೈ ಪರಿಚಿತ, ಅರ್ಧ ಮೈ ಪರಕೀಯ. ಕಾಲುಗಳಿಗಂತೂ ರಜೆ. ಆಮೇಲೆ ಮೃದಂಗ, ಘಟ, ಖಂಜಿರ, ಮೋರ್ಸಿಂಗ್ ಒಂದೊಂದಾಗಿ ಸೇರಿಕೊಂಡವು. ಆದರೆ ಅವರ ಕೈಗೆ ಒಂದು ಬಗೆಯ ಬೀದಿಯ ಧೈರ್ಯ ಇದೆಯಲ್ಲ, ಅದು ತವಿಲಿನಿಂದ ಬಂದದ್ದೆಂದೇ ನನ್ನ ಎಣಿಕೆ.

ನಮ್ಮ ಕೋಡ್ಲಾ, ಸೇಡಂ, ಚಿಂಚೋಳಿ ಕಡೆ ತವಿಲು ಇಲ್ಲ. ಇಲ್ಲಿ ಬೀದಿಯೆಂದರೆ ಹಲಗಿ. ಜೊತೆಗೆ ಮದುವೆ ಮೆರವಣಿಗೆಯ ಬ್ಯಾಂಡಿನವರು. ಅವರ ಕೊರಳಿಗೆ ನೇತುಬಿದ್ದ ಸೈಡ್ ಡ್ರಮ್ಮು ಪಶ್ಚಿಮದ್ದು, ನುಡಿಸುವ ಹಾಡು ತೆಲುಗಿನದೋ ಹಿಂದಿಯದೋ, ಗತ್ತು ಮಾತ್ರ ಹಲಗಿಯದು. ಫ್ಯೂಷನ್ ಎಂಬ ಹೆಸರು ಕೇಳುವ ಮೊದಲೇ ಆ ಕೆಲಸ ಇಲ್ಲಿ ಮುಗಿದುಹೋಗಿದೆ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಬದಿಗೆ ಕಟ್ಟಿಗೆ, ಹುಲ್ಲು ಒಟ್ಟಿ ಬೆಂಕಿ ಹಚ್ಚಿ, ಹಲಗಿಗಳನ್ನು ಅದರ ಕಾವಿಗೆ ಹಿಡಿಯುತ್ತಾರೆ. ಕಾವು ತಾಕಿದಷ್ಟೂ ಚರ್ಮ ಬಿಗಿಯುತ್ತದೆ, ದನಿ ಏರುತ್ತದೆ. ನಡುನಡುವೆ ಬೆರಳಿನಿಂದ ತಟ್ಟಿ ನೋಡಿ, ಸಾಲದೆಂದರೆ ಮತ್ತೆ ಬೆಂಕಿಗೆ. ಬಲಗೈಯ ದಪ್ಪ ಗುಣಿ ಗತ್ತು ಹಾಕುತ್ತದೆ, ಎಡಗೈಯ ಸಣ್ಣ ಕಡ್ಡಿ ಅದರ ಸಂದಿನಲ್ಲಿ ಚಟಚಟ ಅನ್ನುತ್ತಿರುತ್ತದೆ. ಈಗ ಪ್ಲಾಸ್ಟಿಕ್ ಹಾಳೆಯ ಹಲಗಿ ಬಂದು ಕಾಯಿಸುವ ಕೆಲಸ ತಪ್ಪಿದೆ. ಸದ್ದು ಜೋರಾಗಿದೆ, ದನಿ ಹೋಗಿದೆ.

ಖಂಜಿರದ್ದು ಇದಕ್ಕೆ ತೀರ ಉಲ್ಟಾ. ಅಂಗೈಯಗಲದ ಬಳೆ, ಒಂದು ಜೋಡಿ ಬಿಲ್ಲೆ, ತೆಳ್ಳನೆಯ ಚರ್ಮ. ಹಾಗೇ ಬಾರಿಸಿದರೆ ಟಕಟಕ ಎಂಬ ಒಣ ಸದ್ದು. ಅದಕ್ಕೆ ವಾದಕ ಬೆರಳನ್ನು ನೀರಿಗೆ ಅದ್ದಿ, ಚರ್ಮದ ಒಳಮೈಗೆ ನಾಲ್ಕು ಹನಿ ಸವರುತ್ತಾನೆ. ಚರ್ಮ ಸಡಿಲಾಗಿ ದನಿ ತಗ್ಗಿಗೆ ಇಳಿಯುತ್ತದೆ, ಆ ಪುಟ್ಟ ಬಳೆಯೊಳಗಿಂದ ನಂಬಲಾಗದಷ್ಟು ತುಂಬಿದ ‘ಘುಂ’ ಹೊರಡುತ್ತದೆ. ಹಿಡಿದ ಕೈಯ ಬೆರಳು ಅಂಚಿನ ಬಳಿ ಚರ್ಮವನ್ನು ಒತ್ತಿದರೆ ಆ ಘುಂಕಾರ ಮೇಲೇರುತ್ತ ಬಾಗುತ್ತದೆ. ನೀರು ಆರಿದರೆ ಮತ್ತೆ ಸವರಬೇಕು. ಬೆಂಕಿಯಿಂದ ಏರಿಸುವವರು ಒಂದು ಕಡೆ, ನೀರಿನಿಂದ ಇಳಿಸುವವರು ಇನ್ನೊಂದು ಕಡೆ. ಚರ್ಮದ ಮನಸ್ಸು ಅರಿತವರು ಇಬ್ಬರೂ.

ಊರಿನಲ್ಲಿ ಹಲಗಿ ಬಾರಿಸುತ್ತಲೇ ಮುಪ್ಪಾದ ಕಾಕಾ ಒಬ್ಬರಿದ್ದಾರೆ. ಅವರಿಗೊಮ್ಮೆ ಫೋನಿನಲ್ಲಿ ‘ಬ್ಲೂ ಕ್ಯಾಮಲ್’ ಹಚ್ಚಿ ಕಿವಿಗೆ ಕೊಟ್ಟೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ತೊಡೆಯ ಮೇಲೆ ಬೆರಳು ಆಡಿತು, ನಿಂತಿತು, ಮತ್ತೆ ಆಡಿತು.

“ಎಣಿಕಿ ಭಾಳ ಅದ ತಮ್ಮಾ. ಕುಣಿಲಾಕ ಜಾಗಾ ಎಲ್ಲದ?” ಅಂದರು.

“ಕುಣಿಲಾಕ ಅಲ್ರಿ ಕಾಕಾ ಇದು, ಕೂತು ಕೇಳಲಾಕ.”

“ಕೂತು ಕೇಳಾದು ಭಜನಿ. ಹಲಗಿ ಬಡದ ಮ್ಯಾಲ ಕಾಲು ಏಳಬೇಕು.”

ನಾನು ಸುಮ್ಮನಾದೆ. ಅಷ್ಟಕ್ಕೇ ಬಿಡದೆ ಇನ್ನೊಂದು ಹಚ್ಚಿದೆ. ಜೇಮ್ಸ್ ಬ್ರೌನ್ ತಂಡದ ‘ಫಂಕಿ ಡ್ರಮ್ಮರ್’. 1969ರ ನವೆಂಬರಿನಲ್ಲಿ ಧ್ವನಿಮುದ್ರಿಸಿದ್ದು, ಡ್ರಮ್ಸ್ ಕ್ಲೈಡ್ ಸ್ಟಬಲ್‌ಫೀಲ್ಡ್‌ನದು. ಹಾಡಿನ ನಡುವೆ ಉಳಿದ ವಾದ್ಯಗಳೆಲ್ಲ ಬಾಯಿ ಮುಚ್ಚಿ, ಡ್ರಮ್ಮು ಒಂದೇ ಉಳಿಯುವ ಕೆಲವೇ ಸೆಕೆಂಡುಗಳಿವೆ. ಮುಂದೆ ಹಿಪ್-ಹಾಪ್‌ನವರು ಆ ತುಣುಕನ್ನು ಕತ್ತರಿಸಿ ಎಷ್ಟು ಹಾಡುಗಳಿಗೆ ಅಂಟಿಸಿದರೋ ಲೆಕ್ಕವಿಲ್ಲ. ಸ್ಟಬಲ್‌ಫೀಲ್ಡ್‌ಗೆ ಅದರಿಂದ ರಾಯಲ್ಟಿ ಬರಲಿಲ್ಲ, ಆತ 2017ರಲ್ಲಿ ತೀರಿಕೊಂಡ. ಕಾಕಾ ಎರಡನೇ ಸುತ್ತಿಗೇ ತಲೆದೂಗಿದರು. “ಹಾಂ, ಇಂವ ನಮ್ಮಾಂವ. ಗತ್ತು ಬಿಡಂಗಿಲ್ಲ ನೋಡು.”

ಫಂಕ್ ಇರುವುದೇ ಹಾಗೆ. ನಾಲ್ಕು ಪೆಟ್ಟು, ಒಂದೊಂದರಲ್ಲೂ ನಾಲ್ಕು ಮಾತ್ರೆ, ಒಟ್ಟು ಹದಿನಾರು. ಜೇಮ್ಸ್ ಬ್ರೌನ್ ತನ್ನವರಿಗೆ ಪದೇ ಪದೇ ಹೇಳುತ್ತಿದ್ದದ್ದು ಮೊದಲನೆಯದನ್ನು, ಆ ‘ಒಂದ’ನ್ನು ಗಟ್ಟಿ ಹಿಡಿಯಿರಿ ಎಂದು, ನಮ್ಮವರು ಸಮ ಅನ್ನುವುದು ಅದಕ್ಕೇ. ಸಮ ಭದ್ರವಾದರೆ ಉಳಿದ ಹದಿನೈದರಲ್ಲಿ ಏನು ಬೇಕಾದರೂ ಆಟ ಆಡಬಹುದು. ಸ್ಟಬಲ್‌ಫೀಲ್ಡ್‌ನ ಎಡಗೈ ಸ್ನೇರಿನ ಮೇಲೆ ಗಟ್ಟಿ ಪೆಟ್ಟುಗಳ ನಡುವೆ ಸಣ್ಣ ಸಣ್ಣ ತಟ್ಟುಗಳನ್ನು ಉದುರಿಸುತ್ತಾ ಹೋಗುತ್ತದೆ, ಕೇಳಿಸಿಯೂ ಕೇಳಿಸದಂತೆ. ಜೋಳದ ರೊಟ್ಟಿ ಬಡಿಯುವಾಗ ಒಂದು ಗಟ್ಟಿ ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಹಿಟ್ಟನ್ನು ತಿರುಗಿಸುವ ಹಗುರ ತಟ್ಟುಗಳಿರುತ್ತವಲ್ಲ, ಹಾಗೆ. ರೊಟ್ಟಿ ದುಂಡಗಾಗುವುದು ಆ ಹಗುರ ತಟ್ಟುಗಳಿಂದಲೇ. ಅವನ್ನು ತೆಗೆದುಬಿಟ್ಟರೆ ಫಂಕ್ ಹೋಗಿ ಕವಾಯತು ಉಳಿಯುತ್ತದೆ.

ಇನ್ನು ಕಾಕಾ ದೂರಿದ ‘ಎಣಿಕಿ’ಗೆ ಬರೋಣ. ಮಣಿ ಅವರ ಶಾಲೆಯಲ್ಲಿ, ತಾಳ ಕಲಿಸುವ ಎಲ್ಲ ಕರ್ನಾಟಕ ಸಂಗೀತದ ಮನೆಗಳಲ್ಲಿರುವಂತೆ, ಕೈಗಿಂತ ಮೊದಲು ಬಾಯಿ. ತಕಧಿಮಿ, ತಕಿಟ, ತದಿಗಿಣತೊಂ. ಇದನ್ನೇ ಕೊನ್ನಕ್ಕೋಲು ಅನ್ನುತ್ತಾರೆ. ಬಾಯಿಗೆ ಬಾರದ್ದು ಕೈಗೆ ಬರದು ಎಂಬುದು ಅಲ್ಲಿಯ ಕಟ್ಟಳೆ. ಫಂಕ್‌ನ ಹದಿನಾರು ಮಾತ್ರೆಯನ್ನೇ ತೆಗೆದುಕೊಳ್ಳಿ. ಸಮದ ಮೇಲಿನ ಒಂದನ್ನು ಸುಮ್ಮನೆ ಬಿಡಿ. ಎರಡನೆಯದರಿಂದ ‘ತ ದಿ ಗಿ ಣ ತೊಂ’ ಎಂಬ ಐದು ಅಕ್ಷರದ ಗುಂಪನ್ನು ಮೂರು ಸಲ ಹೇಳಿ. ಐದು ಮೂರಲ ಹದಿನೈದು. ಹದಿನಾರಕ್ಕೆ ಕೊನೆಯ ತೊಂ, ಮರುಕ್ಷಣ ಸಮದ ಮೇಲೆ ‘ತಾ’. ಐದರ ಗುಂಪು ನಾಲ್ಕರ ನಡೆಗೆ ಅಡ್ಡ ಬೀಳುವುದರಿಂದ ನಡುವೆ ಎಲ್ಲಿದ್ದೇವೆಂದೇ ತಿಳಿಯದೆ ಎದೆ ಒಮ್ಮೆ ಜಗ್ಗುತ್ತದೆ, ಆಮೇಲೆ ಎಲ್ಲ ಒಟ್ಟಿಗೆ ಬಂದು ಕೂತ ನೆಮ್ಮದಿ. ಕೈಯಿಂದ ತಾಳ ಹಾಕುತ್ತ ಬಾಯಲ್ಲಿ ಇದನ್ನು ನಾಲ್ಕು ಸಲ ಹೇಳಿ ನೋಡಿದವರಿಗೆ ನಾನು ಹೆಚ್ಚು ವಿವರಿಸಬೇಕಾದ್ದಿಲ್ಲ.

ಶೋತಮ್ ಅವರ ಬಹುಮುಖತೆಯ ಗುಟ್ಟು ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ಇಷ್ಟು ವಾದ್ಯ ನುಡಿಸುತ್ತಾರೆ ಎಂದು ಪಟ್ಟಿ ಕೊಟ್ಟರೆ ಯಾರಿಗಾದರೂ ಸಂಶಯ ಬರುವುದು ಸಹಜ. ಹತ್ತು ಕಸಬು ಮಾಡುವವನಿಗೆ ಒಂದೂ ಪೂರ್ತಿ ಬಾರದೆಂಬುದು ನಾವು ಕಂಡದ್ದೇ. ಆದರೆ ಇವರದು ಹತ್ತು ಕಸಬಲ್ಲ, ಒಂದೇ ಎಣಿಕೆ. ಅದು ಬಾಯಲ್ಲಿ ಕೂತಿದೆ. ಕೈ ಅದನ್ನು ಮಣ್ಣಿನ ಮೇಲೆ ಇಳಿಸಿದರೆ ಘಟ, ಚರ್ಮದ ಮೇಲೆ ಇಳಿಸಿದರೆ ತವಿಲು, ಹಲ್ಲಿಗೆ ಒತ್ತಿದ ಕಬ್ಬಿಣದ ನಾಲಿಗೆಯನ್ನು ಬೆರಳಿಂದ ಮೀಟಿದರೆ ಮೋರ್ಸಿಂಗ್, ಸಿಂಬಲ್ಲಿಗೂ ಸ್ನೇರಿಗೂ ಹಂಚಿದರೆ ಜಾಝ್ ಡ್ರಮ್ಸ್. ಘಟ ಹಿಡಿದಾಗಲೂ ಅವರಲ್ಲಿ ಡ್ರಮ್ಮರನ ಕಿವಿ ಮಲಗಿರುವುದಿಲ್ಲ. ಬಾಸ್ ಗಿಟಾರಿನವನು ಎಲ್ಲಿ ಕಾಲೂರಿದ್ದಾನೆ ಎಂದು ನೋಡಿಯೇ ಕೆಳಮೈಯ ‘ಗುಂ’ ಹಾಕುತ್ತಾರೆ. ಘಟದ ಕೊರಳಿನ ಮೇಲಣ ಟಣಟಣ ಸಿಂಬಲ್ಲಿನ ಕೆಲಸ ಮಾಡುತ್ತಿರುತ್ತದೆ. ಬರೀ ಕಛೇರಿಯಲ್ಲಿ ಬೆಳೆದ ಘಟವಾದಕರಲ್ಲಿ ಈ ಚಾಳಿ ಕಾಣುವುದು ಕಡಿಮೆ. ಅವರ ಕಿವಿ ಹಾಡುಗಾರರ ಮೇಲಿರುತ್ತದೆ, ಇರಬೇಕಾದ್ದೂ ಹಾಗೇ.

ಇಷ್ಟು ಹೇಳಿ ಚಾರ್ಲಿ ಮರಿಯಾನೋನನ್ನು ಬಿಟ್ಟರೆ ತಪ್ಪಾಗುತ್ತದೆ. 1923ರಲ್ಲಿ ಬಾಸ್ಟನ್ನಿನಲ್ಲಿ, ಇಟಲಿಯಿಂದ ಬಂದ ಮನೆತನದಲ್ಲಿ ಹುಟ್ಟಿದವನು. ಚಾರ್ಲ್ಸ್ ಮಿಂಗಸ್‌ನ 1963ರ ಹೆಸರಾಂತ ಆಲ್ಬಂ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ಯಲ್ಲಿ ಆಲ್ಟೊ ಸ್ಯಾಕ್ಸ್‌ನಿಂದ ಅಳು ಹೊರಡಿಸಿದವನು. 60ರ ದಶಕದಲ್ಲಿ ಮಲೇಷ್ಯಾಕ್ಕೆ ಹೋದಾಗ ನಾಗಸ್ವರ ಕಿವಿಗೆ ಬಿತ್ತು, ಬಿದ್ದದ್ದು ಬಿಡಲಿಲ್ಲ. ಆ ವಾದ್ಯವನ್ನು ಕಲಿತೇ ತೀರಿದ. ಅತ್ತ ಮ್ಯೂನಿಕ್‌ನ ‘ಎಂಬ್ರಿಯೋ’ ಎಂಬ ತಂಡ 1978ರಲ್ಲಿ ಬಸ್ಸು ಹತ್ತಿ, ಅಫ್ಘಾನಿಸ್ತಾನ ದಾಟಿ, ದಾರಿಯುದ್ದಕ್ಕೂ ಸಿಕ್ಕವರ ಜೊತೆ ನುಡಿಸುತ್ತಾ ಭಾರತಕ್ಕೆ ಬಂತು. ಎಂಬ್ರಿಯೋದಿಂದ ಒಡೆದುಬಂದ ‘ಡಿಸಿಡೆಂಟನ್’ ತಂಡದವರು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ 1982ರಲ್ಲಿ ಮಾಡಿದ ಆಲ್ಬಂಗೆ ‘ಜರ್ಮನಿಸ್ತಾನ್’ ಎಂದು ಹೆಸರಿಟ್ಟರು. ಜರ್ಮನಿಯಿಂದ ಬೆಂಗಳೂರಿಗೆ ಹೀಗೊಂದು ಹಾದಿ ಬಿದ್ದ ಮೇಲೆ ಬೆಂಗಳೂರಿನಿಂದ ಜರ್ಮನಿಗೂ ಹೋಗಿಬರುವವರಾದರು. ಶೋತಮ್ 80ರ ದಶಕದ ಆರಂಭದಲ್ಲಿ ಹೋಗಿ ಕೊಲೋನ್ ನಗರದಲ್ಲಿ ನೆಲೆ ನಿಂತರು. ಮರಿಯಾನೋ ಕಡೆಯವರೆಗೂ ಬಾಳಿದ್ದು, 2009ರಲ್ಲಿ ತೀರಿಕೊಂಡದ್ದು ಅದೇ ಊರಿನಲ್ಲಿ.

ಈ ಹಾದಿಯಲ್ಲಿ ಸಿಕ್ಕ ಅತ್ಯಂತ ನಯವಾದ ವಸ್ತು, ನನ್ನ ಮಟ್ಟಿಗೆ, ಮರಿಯಾನೋ ಮತ್ತು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಕೂಡಿ ಮಾಡಿದ 1983ರ ಆಲ್ಬಂ ‘ಜ್ಯೋತಿ’. ಶೋತಮ್ ಅದರಲ್ಲಿಲ್ಲ. ಆದರೂ ಅವರು ಕಲಿತ ಮನೆ ಎಂಥದೆಂದು ತಿಳಿಯಬೇಕಾದರೆ ಅದನ್ನು ಕೇಳಬೇಕು. ಇಸಿಎಂ ಸಂಸ್ಥೆಯ ಮ್ಯಾನ್‌ಫ್ರೆಡ್ ಐಕರ್ ನಿರ್ಮಿಸಿದ್ದು. ಮರಿಯಾನೋಗೆ ಆಗ 59. ಆರಂಭವೇ ಗಾಯಕಿ ಆರ್.ಎ. ರಾಮಮಣಿ ಅವರ ಒಂಟಿ ದನಿ. ತಾಳಕ್ಕೆ ಹೆಸರಾದ ಮನೆಯ ಆಲ್ಬಂ ತಾಳವೇ ಇಲ್ಲದೆ ಶುರುವಾಗುತ್ತದೆ. ಆಮೇಲೆ ಮಣಿ ಅವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ ಬಂದು ಸೇರುತ್ತವೆ. ರಾಮಮಣಿಯವರ ದನಿಗೂ ಮರಿಯಾನೋನ ಸೊಪ್ರಾನೊ ಸ್ಯಾಕ್ಸಿಗೂ ಒಂದೇ ಎತ್ತರ. ಕೆಲವು ಕಡೆ ಯಾವುದು ಕೊಳವೆ ಯಾವುದು ಕೊರಳು ಎಂದು ಗುರುತಿಸಲು ಅರೆಗಳಿಗೆ ಬೇಕು. ಸ್ವರವನ್ನು ನೇರ ಮುಟ್ಟದೆ ಕೆಳಗಿನಿಂದ ಜಾರಿಕೊಂಡು ಬರುವ ಗಮಕವನ್ನು ಆತ ತುಟಿಯಲ್ಲಿ ತೆಗೆಯುತ್ತಾನೆ. ಜಾಝ್‌ನವರಿಗೆ ಸ್ವರ ಬಗ್ಗಿಸುವುದು ಗೊತ್ತಿಲ್ಲದ್ದಲ್ಲ, ಆದರೆ ಇಲ್ಲಿ ಅದು ಅಲಂಕಾರವಾಗಿ ಬರದೆ ಮಾತಾಗಿ ಬರುತ್ತದೆ. ಮೂರು ತಾಳವಾದ್ಯಗಳ ನಡುವೆ ಬಿಡುವ ಜಾಗದ ಬಗ್ಗೆ ಆರಂಭದಲ್ಲಿ ಹೇಳಿದೆನಲ್ಲ, ಆ ಶಿಸ್ತಿನ ಬೇರು ಈ ಮನೆಯಲ್ಲಿದೆ.

ಫ್ಯೂಷನ್ ಎಂಬ ಹೆಸರಿನಲ್ಲಿ ಬರುವ ಬಹುಪಾಲು ಸಂಗೀತ ನನಗೆ ಹಿಡಿಸುವುದಿಲ್ಲ, ಇದನ್ನೂ ಹೇಳಿಬಿಡುತ್ತೇನೆ. ಮೃದಂಗದವನು ಒಂದು ಮುಕ್ತಾಯ ಬಾರಿಸುತ್ತಾನೆ, ಡ್ರಮ್ಮಿನವನು ಅದನ್ನೇ ಎರಡು ಪಟ್ಟು ಜೋರಾಗಿ ಬಾರಿಸುತ್ತಾನೆ, ಸವಾಲ್ ಜವಾಬ್ ಏರುತ್ತಾ ಹೋಗಿ ಕೊನೆಗೆ ಇಬ್ಬರೂ ಒಟ್ಟಿಗೆ ಗುಡುಗುತ್ತಾರೆ, ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. ಮನೆಗೆ ಬಂದ ಮೇಲೆ ಒಂದು ಸ್ವರವೂ ನೆನಪಿರುವುದಿಲ್ಲ. ಶೋತಮ್ ಈ ಕುಸ್ತಿಗೆ ಇಳಿದದ್ದು ಕಮ್ಮಿ. ಅಬು-ಖಲೀಲ್‌ನ ಆಲ್ಬಂಗಳನ್ನೇ ಸಾಲಾಗಿ ಇಟ್ಟು ನೋಡಿ: 1987ರ ‘ಬಿಟ್ವೀನ್ ಡಸ್ಕ್ ಅಂಡ್ ಡಾನ್’, ಮರುವರ್ಷದ ‘ಬುಕ್ರಾ’, 1990ರ ‘ಅಲ್-ಜದೀದಾ’, ಆಮೇಲೆ ‘ಬ್ಲೂ ಕ್ಯಾಮಲ್’. ಜೊತೆಯ ತಾಳವಾದ್ಯಗಾರರು ಬದಲಾಗುತ್ತಾರೆ, ಗ್ಲೆನ್ ವೆಲೆಜ್ ಹೋಗಿ ನಬೀಲ್ ಖಯ್ಯಾತ್ ಬರುತ್ತಾನೆ. ಶೋತಮ್ ಮಾತ್ರ ಉಳಿಯುತ್ತಾರೆ. ಅಬು-ಖಲೀಲ್ ಬರೆಯುವ ತಾಳಗಳು ಏಳು, ಒಂಬತ್ತು, ಹನ್ನೊಂದು ಎಂದು ಬೆಸದಲ್ಲೇ ಓಡಾಡುವಂಥವು. ಮಿಶ್ರ, ಸಂಕೀರ್ಣ ಎಂದು ಅದನ್ನೆಲ್ಲ ಬಾಯಲ್ಲಿಟ್ಟುಕೊಂಡು ಬಂದವರಿಗೆ ಲೆಕ್ಕ ಹಾಕುತ್ತಾ ಕೂರುವ ಗೋಜಿಲ್ಲ. ಆ ಹೊತ್ತನ್ನು ಅವರು ಜೊತೆಗಾರರನ್ನು ಕೇಳುವುದಕ್ಕೆ ಬಳಸಬಹುದು. ಪುನಃ ಪುನಃ ಕರೆ ಬರುವುದು ಅಂಥವರಿಗೇ.

ತಮ್ಮದೇ ತಂಡ ‘ಮದ್ರಾಸ್ ಸ್ಪೆಷಲ್’ನಲ್ಲಿ ಅವರು ಹೆಚ್ಚು ಸಲಿಗೆಯಿಂದಿದ್ದಾರೆ. ಅಲ್ಲಿ ಡ್ರಮ್ ಸೆಟ್ಟಿನ ಹಳೆಯ ರಾಕ್ ಹುಡುಗ ಆಗಾಗ ಮುಖ ತೋರಿಸುತ್ತಾನೆ. ಕೊಲೋನಿನ ಡಬ್ಲ್ಯುಡಿಆರ್ ಬಿಗ್ ಬ್ಯಾಂಡ್ ಮತ್ತು ಮಣಿ, ರಾಮಮಣಿ ಅವರ ಬಳಗವನ್ನು ಕೂಡಿಸಿ ಮೈಕ್ ಹರ್ಟಿಂಗ್ ಮಾಡಿದ ‘ಸ್ಕೆಚಸ್ ಆಫ್ ಬೆಂಗಳೂರ್’ ಕೂಡ ಒಮ್ಮೆ ಕೇಳಬೇಕಾದದ್ದೇ. ಆದರೆ ಅಷ್ಟು ಹಿತ್ತಾಳೆ ಒಟ್ಟಿಗೆ ಉಸಿರೆತ್ತಿದಾಗ ಖಂಜಿರದ ಒದ್ದೆ ದನಿ ನನ್ನ ಕಿವಿಗೆ ಸಿಗಲಿಲ್ಲ.

ಕಾಕಾನ ಪರೀಕ್ಷೆಯನ್ನು ನಾನು ತಳ್ಳಿಹಾಕುವುದಿಲ್ಲ. ಕಾಲು ಏಳಬೇಕೆಂಬುದು ಸರಿಯಾದ ಮಾತೇ, ಹಲಗಿಗೂ ಫಂಕ್‌ಗೂ ಅದೇ ಪ್ರಾಣ. ಆದರೆ ಹೆಜ್ಜೆ ಎಂಬುದು ನಾಲ್ಕಕ್ಕೆ ಮಾತ್ರ ಹುಟ್ಟಿದ್ದಲ್ಲ. ‘ಬ್ಲೂ ಕ್ಯಾಮಲ್’ನಲ್ಲಿ ‘ತ್ಸರ್ಕಾ’ ಎಂಬ ರಚನೆಯೊಂದಿದೆ. ಹೊಸಬರು ಅದನ್ನು ಕೇಳುವಾಗ ಮೊದಲ ಸಲ ಊದ್‌ನ ಬೆನ್ನು ಹತ್ತಬಾರದು. ಸ್ವಾಲೋನ ಬಾಸನ್ನು ಹಿಡಿಯಬೇಕು, ಆತ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿರುತ್ತಾನೆ. ಆ ಮಾತು ಎಲ್ಲಿ ಮುಗಿದು ಮತ್ತೆ ಶುರುವಾಗುತ್ತದೋ ಅದೇ ಸಮ. ಅಲ್ಲಿಗೊಂದು ಚಪ್ಪಾಳೆ ಹಾಕುತ್ತಾ ಕೂತರೆ ಐದಾರು ಆವರ್ತದಲ್ಲಿ ಮೈ ತಾನಾಗಿ ಒಪ್ಪಿಕೊಳ್ಳುತ್ತದೆ. ಬಾಸ್ ಕೈಗೆ ಸಿಕ್ಕಿತೆಂದಾದ ಮೇಲೆ ದಪ್ಪು, ಅದರ ಮೇಲೆ ಕಾಂಗಾ. ಶೋತಮ್ ಅವರನ್ನು ಕೊನೆಗೆ ಹುಡುಕಬೇಕು, ಸಾಧ್ಯವಾದರೆ ಹೆಡ್‌ಫೋನ್ ಹಾಕಿಕೊಂಡು. ಫೋನಿನ ಸ್ಪೀಕರಿಗೆ ಘಟದ ಕೆಳದನಿ ಬರುವುದಿಲ್ಲ. ಕಾಕಾಗೆ ನಾನು ಕೇಳಿಸಿದ್ದು ಆ ಸ್ಪೀಕರಿನಲ್ಲೇ. ಹೆಡ್‌ಫೋನ್ ಒಯ್ದು ಇನ್ನೊಮ್ಮೆ ಕೂಡಿಸಬೇಕು ಅವರನ್ನು.